ತಾಳೆಯಾಗದ ಲೆಕ್ಕ

ನಮ್ಮ ಪಾರ್ಕಿನ ಮೂಲೆಯಲ್ಲಿರುವ ಸಿಮೆಂಟ್ ಬೆಂಚಿಗೆ ನಾವು ಇಟ್ಟಿರುವ ಹೆಸರು ‘ಹೆಡ್ ಆಫೀಸ್’. ಮೈಸೂರಿನ ಕುವೆಂಪುನಗರದ ಆ ಪಾರ್ಕಿಗೆ ಸಂಜೆ ಐದು ಗಂಟೆಗೆ ನಾವು ನಾಲ್ಕು ಜನ ತಪ್ಪದೆ ಹಾಜರಾಗುತ್ತೇವೆ. ಒಬ್ಬರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಇನ್ನೊಬ್ಬರು ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿ ಈಗ ಮಗನಿಗೆ ಒಪ್ಪಿಸಿರುವ ಶೆಟ್ಟರು. ಮತ್ತೊಬ್ಬರು ಊರಿನಲ್ಲಿ ಹೊಲ ಇಟ್ಟುಕೊಂಡೇ ಮಗನ ಜೊತೆ ಇಲ್ಲಿರುವ ಗೌಡರು. ನಾಲ್ಕನೆಯವನು ನಾನು, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಬಹಳ ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದರಿಂದ ಇವರಿಗೆಲ್ಲ ನಾನು ‘ಕ್ಯಾಶಿಯರ್ ರಾಯರು’.

ನಮ್ಮ ಮಾತಿಗೆ ಅಜೆಂಡಾ ಅಂತ ಏನೂ ಇಲ್ಲ. ಯಾರ ಮಂಡಿ ನೋವು ಹೇಗಿದೆ ಎಂಬಲ್ಲಿಂದ ಶುರುವಾಗಿ ಆಟಕ್ಕೆ ಹೋಗಿ, ಊಟಕ್ಕೆ ಬಂದು, ಸೊಳ್ಳೆ ಕಚ್ಚಲು ಶುರುವಾದಾಗ ಮುಗಿಯುತ್ತದೆ.

ಆಟದ ವಿಷಯದಲ್ಲಿ ನಾಲ್ವರದೂ ನಾಲ್ಕು ಪಕ್ಷ. ಶೆಟ್ಟರದು ಕ್ರಿಕೆಟ್. ಅದರಲ್ಲೂ 1974ರ ರಣಜಿ ಸೆಮಿಫೈನಲ್ ಅವರ ಬಾಯಲ್ಲಿ ವಾರಕ್ಕೊಂದು ಸಲ ನಡೆದೇ ನಡೆಯುತ್ತದೆ. ಬೊಂಬಾಯಿ ತಂಡ ಅದಕ್ಕೆ ಮೊದಲು ಸತತ 15 ವರ್ಷ ಟ್ರೋಫಿ ಗೆದ್ದಿತ್ತು. ಬೆಂಗಳೂರಿನಲ್ಲಿ ನಡೆದ ಆ ಪಂದ್ಯದಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರೂ ಸೆಂಚುರಿ ಹೊಡೆದರು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಬೊಂಬಾಯಿ ಮನೆಗೆ ಹೋಯಿತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಎತ್ತಿತು. ಪ್ರಸನ್ನ ಆ ಚೆಂಡು ಹಾಕುವ ಹೊತ್ತಿಗೆ ಶೆಟ್ಟರು ಬೆಂಚಿನಿಂದ ಎದ್ದು ನಿಂತುಬಿಡುತ್ತಾರೆ.

ಗೌಡರಿಗೆ ಕುಸ್ತಿ. “ದಸರಾ ಕುಸ್ತಿ ನೋಡದೋರು ಏನು ನೋಡಿದಂಗಾಯ್ತು? ಗರಡಿ ಮಣ್ಣಿನ ವಾಸನೆ ಗೊತ್ತಾ ನಿಮಗೆ?” ಎಂದು ಕೇಳುತ್ತಾರೆ. ನನ್ನದು ಕೇರಂ. ಬ್ಯಾಂಕಿನ ರಿಕ್ರಿಯೇಷನ್ ರೂಮಿನಲ್ಲಿ ಕಲಿತದ್ದು. ಅದನ್ನು ಆಟ ಎಂದು ಒಪ್ಪಿಕೊಳ್ಳಲು ಈ ಮೂವರೂ ತಯಾರಿಲ್ಲ.

ಮೇಷ್ಟ್ರದು ಖೊಖೊ. “ಒಂದು ಬ್ಯಾಟು ಬೇಡ, ಚೆಂಡು ಬೇಡ, ಎರಡು ಕಂಬ ಇದ್ದರೆ ಸಾಕು” ಎನ್ನುತ್ತಾರೆ. ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬ ಈ ಕಡೆ ಮುಖ, ಪಕ್ಕದವನು ಆ ಕಡೆ ಮುಖ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗುತ್ತಾನೆ. ತಪ್ಪಿಸಿಕೊಳ್ಳುವವನು ಸಾಲಿನ ನಡುವೆ ಹೇಗೆ ಬೇಕಾದರೂ ನುಸುಳಬಹುದು. ಅಟ್ಟುವವನು ಮಾತ್ರ ನಡುವಿನ ಗೆರೆ ದಾಟುವ ಹಾಗಿಲ್ಲ, ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ಅದಕ್ಕೇ ಕೂತವನ ಬೆನ್ನು ತಟ್ಟಿ ‘ಖೊ’ ಕೊಡಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದು, ಗಂಡಸರು ಹೆಂಗಸರು ಎರಡೂ ವಿಭಾಗದಲ್ಲಿ ಭಾರತವೇ ಗೆದ್ದಾಗ ಮೇಷ್ಟ್ರು ನಮಗೆಲ್ಲ ಮೈಸೂರು ಪಾಕ್ ಹಂಚಿದ್ದರು. ಆ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ ಚೈತ್ರಾ ಇದ್ದಳಲ್ಲ, ಅದಕ್ಕೆ ಎರಡನೇ ಸುತ್ತು ಹಂಚಿಕೆ.

ಮೇಷ್ಟ್ರ ಮಾತು ಕೇಳಿ ಕೇಳಿ ಖೊಖೊ ಹುಚ್ಚು ಹಿಡಿಸಿಕೊಂಡವನು ನನ್ನ ಮೊಮ್ಮಗ ಪುಟ್ಟ. ಏಳನೇ ಕ್ಲಾಸು. ಹೋದ ಆಗಸ್ಟಿನಲ್ಲಿ ಅವನು ಶಾಲಾ ತಂಡಕ್ಕೆ ಆಯ್ಕೆಯಾದ. ನಾನು ಬರೆಯಬೇಕೆಂದು ಕೂತಿರುವುದು ಆಗ ನಡೆದ ಸಂಗತಿಯನ್ನು.

ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ನನ್ನ ಶ್ರೀಮತಿ ಆ ದಿನಗಳಲ್ಲಿ ಹಾಸನದ ಮಗಳ ಮನೆಗೆ ಹೋಗಿದ್ದಳು. ಮನೆಯಲ್ಲಿ ಸೊಸೆ, ಪುಟ್ಟ, ನಾನು. ಒಂದು ಗುರುವಾರ ಬೆಳಿಗ್ಗೆ ಸೊಸೆ ಕಾಯಿತುರಿ ಧಾರಾಳವಾಗಿ ಹಾಕಿ ನಿಂಬೆಹಣ್ಣಿನ ಚಿತ್ರಾನ್ನ ಮಾಡಿದ್ದಳು. ಆಫೀಸಿಗೆ ಹೊರಡುವಾಗ, “ಮಾವ, ಉಳಿದಿರೋದನ್ನ ಆರಿದ ಮೇಲೆ ಫ್ರಿಜ್ಜಿಗೆ ಇಟ್ಟುಬಿಡಿ, ಮಧ್ಯಾಹ್ನ ನಿಮಗಾಗುತ್ತೆ” ಎಂದಳು. ನಾನು ಆಗಲಿ ಎಂದೆ. ಆ ಮಧ್ಯಾಹ್ನ ಹಳೆಯ ಸಹೋದ್ಯೋಗಿಯೊಬ್ಬರ ಗೃಹಪ್ರವೇಶದ ಊಟಕ್ಕೆ ಹೋದೆ. ಚಿತ್ರಾನ್ನ ಮರೆತೇಹೋಯಿತು. ರಾತ್ರಿ ಒಂಬತ್ತೂವರೆಗೆ ನೀರು ಕುಡಿಯಲು ಎದ್ದಾಗ ಡಬ್ಬಿ ಮೇಜಿನ ಮೇಲೇ ಇತ್ತು. ಯಾರೂ ನೋಡಲಿಲ್ಲ ಎಂದುಕೊಂಡು ಫ್ರಿಜ್ಜಿನೊಳಗೆ ತಳ್ಳಿದೆ.

ಮರುದಿನ ಶುಕ್ರವಾರ ಪುಟ್ಟನ ಪಂದ್ಯ. ಸೊಸೆ ಆರೂವರೆಗೇ ಹೊರಟವಳು, “ಅವನಿಗೆ ಬ್ರೆಡ್ಡು, ಬಾಳೆಹಣ್ಣು ಕೊಡಿ ಮಾವ, ಹೊಟ್ಟೆ ಹಗುರ ಇರಲಿ” ಎಂದು ಹೇಳಿ ಹೋದಳು. ನಾನು ಫ್ರಿಜ್ ತೆಗೆದೆ. ಚಿತ್ರಾನ್ನ ಕಂಡಿತು. ಮಕ್ಕಳೇ, ನಮ್ಮ ಮನೆಯಲ್ಲಿ ನಾವು ಆರು ಜನ ಮಕ್ಕಳು. ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ನಮ್ಮಮ್ಮ ಎದ್ದೇಳಲು ಬಿಡುತ್ತಿರಲಿಲ್ಲ. ಆ ಅಭ್ಯಾಸ ನನಗೆ ಈಗಲೂ ಹೋಗಿಲ್ಲ. ಇಷ್ಟು ಚಿತ್ರಾನ್ನ ಚೆಲ್ಲುವುದೇ ಎಂದು ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಚೆನ್ನಾಗಿ ಬಿಸಿ ಮಾಡಿ ಪುಟ್ಟನಿಗೆ ಬಡಿಸಿದೆ.

“ತಾತ, ಒಂಥರಾ ವಾಸನೆ ಬರ್ತಿದೆ” ಎಂದ.

“ನಿನಗೆ ನೆಗಡಿಯಾಗಿರಬೇಕು. ಅನ್ನಕ್ಕೆ ಹೆಸರಿಡಬಾರದು, ತಿನ್ನು” ಎಂದೆ. ಅವನು ತಿಂದ. ನಾನು, ಷುಗರ್ ಇರುವವನು, ಎಂದಿನಂತೆ ರಾಗಿ ಗಂಜಿ ಕುಡಿದೆ.

ಹತ್ತು ಗಂಟೆಗೆ ಶಾಲೆಯಿಂದ ಫೋನು. ಪುಟ್ಟ ಮೈದಾನದಲ್ಲೇ ಮೂರು ಸಲ ವಾಂತಿ ಮಾಡಿಕೊಂಡಿದ್ದಾನೆ, ಬಂದು ಕರೆದುಕೊಂಡು ಹೋಗಿ ಎಂದು. ಆಟೋ ಹತ್ತಿ ಓಡಿದೆ. ನಮ್ಮ ಬೀದಿಯ ಡಾಕ್ಟರಮ್ಮ ನೋಡಿ, ಓಆರ್‌ಎಸ್ ಸ್ವಲ್ಪ ಸ್ವಲ್ಪವೇ ಕುಡಿಸಿ ಎಂದರು. ಸಂಜೆ ಹೊತ್ತಿಗೆ ಹುಡುಗ ಸುಧಾರಿಸಿಕೊಂಡ. ಅವನ ಜಾಗದಲ್ಲಿ ಬೇರೆ ಹುಡುಗನನ್ನು ಇಳಿಸಿ ಆಡಿದ ತಂಡ ಒಂದೇ ಪಾಯಿಂಟಿನಿಂದ ಸೋತಿತ್ತು.

ಸಂಜೆ ಸೊಸೆ ಬಂದು ವಿಚಾರಿಸಿದಳು. ಹಿಂದಿನ ದಿನ ಅಭ್ಯಾಸ ಮುಗಿಸಿ ಗೆಳೆಯರ ಜೊತೆ ಪಾನಿಪೂರಿ ತಿಂದದ್ದನ್ನು ಪುಟ್ಟ ಒಪ್ಪಿಕೊಂಡ. “ಅದೇ, ಪಾನಿಪೂರಿಯದೇ ಕೆಲಸ. ಎಷ್ಟು ಸಲ ಹೇಳಿದ್ದೆ?” ಎಂದು ಅವಳಿಗೆ ಸಿಟ್ಟು ಬಂತು. ಒಂದು ತಿಂಗಳು ಪಾಕೆಟ್ ಮನಿ ಬಂದ್ ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಬೆಳಿಗ್ಗೆ ಬ್ರೆಡ್ಡೇ ತಾನೆ ಮಾವ ಕೊಟ್ಟಿದ್ದು?” ಎಂದು ಕೇಳಿದಳು.

ನಾನು “ಹೂಂ” ಎಂದೆ.

ಪುಟ್ಟ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಗೋಡೆ ಕಡೆ ಹೊರಳಿ ಮಲಗಿದ.

ನಾನು ಕೆಲಸಕ್ಕೆ ಸೇರಿದಾಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ದಿನದ ಕೊನೆಯಲ್ಲಿ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವ ಹಾಗಿರಲಿಲ್ಲ. ವ್ಯತ್ಯಾಸ ಬಂದರೆ ನಮ್ಮ ಹಿರಿಯ ಗುಮಾಸ್ತರು ಒಂದು ಉಪಾಯ ಹೇಳಿಕೊಟ್ಟಿದ್ದರು. ವ್ಯತ್ಯಾಸದ ಮೊತ್ತ 9ರಿಂದ ಶೇಷವಿಲ್ಲದೆ ಭಾಗವಾದರೆ, ಎಲ್ಲೋ ಅಂಕಿಗಳು ಅದಲುಬದಲಾಗಿವೆಯೇ ಎಂದು ಮೊದಲು ಹುಡುಕಬೇಕು. 45 ಬರೆಯುವ ಕಡೆ 54 ಬರೆದಿದ್ದರೆ ವ್ಯತ್ಯಾಸ 9. ನೀವೂ ಬೇರೆ ಅಂಕಿಗಳನ್ನು ಇಟ್ಟು ಪರೀಕ್ಷಿಸಿ ನೋಡಿ. ಅವತ್ತು ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನನಗೆ ಆ ಉಪಾಯವೇ ನೆನಪಾಯಿತು. ನಮ್ಮ ಮನೆಯ ಲೆಕ್ಕದಲ್ಲೂ ಅದಲುಬದಲಾಗಿತ್ತು. ನನ್ನ ತಪ್ಪು ಹುಡುಗನ ಖಾತೆಗೆ ಹೋಗಿತ್ತು. ಬರೆದವನು ನಾನೇ.

ಹೀಗೇ ಹತ್ತು ದಿನ ಕಳೆಯಿತು. ಪುಟ್ಟ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದ.

ಒಂದು ಸಂಜೆ ಹೆಡ್ ಆಫೀಸಿನಲ್ಲಿ ಮಾತು ಆಹಾರ ಕೂಡಿಡುವ ಕಡೆ ತಿರುಗಿತು. ಗೌಡರು ತಮ್ಮ ಊರಿನ ಹಗೇವಿನ ಕತೆ ತೆಗೆದರು. ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರಂತೆ. “ವರ್ಷಗಟ್ಟಲೆ ಏನೂ ಆಗ್ತಿರಲಿಲ್ಲ. ಆದ್ರೆ ತೆಗೆದ ತಕ್ಷಣ ಯಾರೂ ಇಳೀಬಾರ್ದು. ಒಳಗೆ ಕೆಟ್ಟ ಗಾಳಿ ಇರ್ತದೆ. ದೀಪ ಇಳಿಬಿಟ್ಟು ನೋಡೋರು, ಆರಿಹೋದ್ರೆ ಆವತ್ತು ಇಳಿಯೋ ಹಂಗಿಲ್ಲ” ಎಂದರು.

ಶೆಟ್ಟರು ಅಂಗಡಿಯ ಅನುಭವ ಬಿಚ್ಚಿದರು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಇಡಬೇಕು. ಅಕ್ಕಿ ಡಬ್ಬಿಗೆ ಒಣಗಿದ ಬೇವಿನ ಎಲೆ ಹಾಕಬೇಕು. ರವೆಯನ್ನು ಹುರಿದು ಆರಿಸಿ ಇಟ್ಟರೆ ಬೇಗ ಹುಳು ಬೀಳುವುದಿಲ್ಲ. ಹುಣಸೆಹಣ್ಣಿನ ಬೀಜ, ನಾರು ತೆಗೆದು ಉಪ್ಪು ಬೆರೆಸಿ ಭರಣಿಯಲ್ಲಿ ಅದುಮಿಡಬೇಕು. “ಉಪ್ಪಿನಕಾಯಿಗೆ ಒದ್ದೆ ಸೌಟು ಹಾಕಿದರೆ ಅದರ ಕತೆ ಮುಗೀತು. ಹಪ್ಪಳ, ಸಂಡಿಗೆ, ಬೇಳೆ, ಎಲ್ಲಕ್ಕೂ ಒಂದೇ ಸೂತ್ರ ರಾಯರೇ, ನೀರು ಸೋಕಬಾರದು” ಎಂದರು.

ಗೌಡರು ತಲೆಯಾಡಿಸಿ, “ಅದಕ್ಕೇ ನಮ್ಮವ್ವ ಹೇಳೋಳು, ಅಕ್ಕಿ ವರ್ಷ ಇರ್ತದೆ, ಅನ್ನ ದಿನ ಇರಲ್ಲ ಅಂತ” ಎಂದರು.

ನನ್ನ ಗಂಟಲು ಕಟ್ಟಿತು. ಇವರ ಮುಂದೆ ಇನ್ನು ಬಚ್ಚಿಡಲು ಆಗಲಿಲ್ಲ. ಚಿತ್ರಾನ್ನದಿಂದ ‘ಹೂಂ’ವರೆಗೆ ಎಲ್ಲ ಹೇಳಿದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಶೆಟ್ಟರೇ ಹೇಳಿದರು. “ನನ್ನ ಅಂಗಡಿಯಿಂದ ಹುಳು ಹಿಡಿದ ಬೇಳೆ ಹೋದರೆ ನಾನೇ ವಾಪಸ್ ತಗೋಬೇಕು ರಾಯರೇ. ಗಿರಾಕಿ ಮನೇಲಿ ಹುಳು ಬಿತ್ತು ಅನ್ನೋಕಾಗುತ್ತಾ?”

ಮೇಷ್ಟ್ರು ಇನ್ನೂ ನೇರವಾಗಿ ಹೇಳಿದರು. “ಮೈದಾನದಲ್ಲಿ ಫೌಲ್ ಮಾಡಿದರೆ ಅಂಪೈರ್ ಸೀಟಿ ಊದ್ತಾರೆ. ಮನೇಲಿ ನಿಮಗೆ ಯಾರು ಊದಬೇಕು? ನೀವೇ ಊದಿಕೋಬೇಕು. ಇವತ್ತೇ ಹೋಗಿ ಹೇಳಿ.”

ದಾರಿಯಲ್ಲಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆ. ತಪ್ಪು ನನ್ನದೇ ಎಂದು ಖಚಿತ ಮಾಡಿಕೊಳ್ಳಲೋ, ಅಲ್ಲ ಎನ್ನಿಸಿಕೊಳ್ಳಲೋ, ಈಗಲೂ ಹೇಳಲಾರೆ. ಅವರು ನಿಧಾನವಾಗಿ ವಿವರಿಸಿದರು. ಅಕ್ಕಿಯಲ್ಲಿ ಇರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. “ಅನ್ನ ಉಳಿದರೆ ಅಗಲವಾದ ತಟ್ಟೆಗೆ ಹರಡಿ, ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮರುದಿನವೇ ಮುಗಿಸಿ. ಫ್ರಿಜ್ಜು ಕೆಡೋದನ್ನ ತಡ ಮಾಡುತ್ತೆ ಅಷ್ಟೆ, ಕೆಟ್ಟಿದ್ದನ್ನ ಸರಿ ಮಾಡಲ್ಲ” ಎಂದರು. “ಪಾನಿಪೂರಿ ಆಗಿರಬಹುದಲ್ಲವೇ?” ಎಂದು ಕೇಳಿದೆ. “ಆಗಿದ್ದರೂ ಆಗಿರಬಹುದು. ಆದರೆ ನೀವು ಹೇಳಿದ ಹೊತ್ತು ನೋಡಿದರೆ ನನಗೆ ಚಿತ್ರಾನ್ನದ ಮೇಲೇ ಅನುಮಾನ” ಎಂದರು.

ಮನೆಗೆ ಬಂದೆ. ಸೊಸೆ ಸೊಪ್ಪು ಬಿಡಿಸುತ್ತಿದ್ದಳು, ಪುಟ್ಟ ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದ. ನಿಂತುಕೊಂಡೇ ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಹನ್ನೆರಡು ವರ್ಷದ ಹುಡುಗನ ಮುಂದೆ ತಪ್ಪಾಯಿತು ಎನ್ನುವುದು ಸುಲಭವಲ್ಲ. ಕಾಲು ನಡುಗುತ್ತಿತ್ತು.

ಸೊಸೆ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ಚಿತ್ರಾನ್ನ ಹೋಗಲಿ ಮಾವ, ಯಾರಿಗಾದರೂ ಆಗುತ್ತೆ. ಆದರೆ ನಾನು ಕೇಳಿದಾಗ ಹೂಂ ಅಂದ್ರಲ್ಲ...” ಎಂದು ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ ಮಗನ ತಲೆ ಸವರಿ, “ನಿನಗೆ ಸುಮ್ಮನೆ ಬೈದೆ ಕಣೋ” ಎಂದಳು.

ನಾನು ಪುಟ್ಟನನ್ನು ಕೇಳಿದೆ, “ಅವತ್ತು ನೀನಾದರೂ ಯಾಕೆ ಹೇಳಲಿಲ್ಲ?”

ಅವನು ಪೆನ್ಸಿಲ್ ಕೆಳಗಿಟ್ಟ. “ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ ತಾತ” ಎಂದ.

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಮೇಲಧಿಕಾರಿಗಳಿಂದ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಯಾವುದೂ ಇಷ್ಟು ತಾಗಿರಲಿಲ್ಲ.

ಎಲ್ಲವೂ ಆ ಕ್ಷಣವೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಪಾಕೆಟ್ ಮನಿ ವಾಪಸ್ ಬಂತು, ಪಂದ್ಯ ವಾಪಸ್ ಬರಲಿಲ್ಲ. ಇನ್ನೂ ಎರಡು ದಿನ ಪುಟ್ಟ ಮುಖ ಊದಿಸಿಕೊಂಡೇ ಇದ್ದ. ಮೂರನೆಯ ದಿನ ಸಂಜೆ ತಾನಾಗಿಯೇ ಪಾರ್ಕಿಗೆ ಬಂದು ಮೇಷ್ಟ್ರ ಹತ್ತಿರ ಕಂಬ ತಿರುಗುವ ವರಸೆ ಹೇಳಿಸಿಕೊಂಡ. ಹೊರಡುವಾಗ ನನ್ನ ಕೈ ಹಿಡಿದುಕೊಂಡು ಬಂದ.

ಈಗ ನಮ್ಮ ಫ್ರಿಜ್ಜಿನ ಬಾಗಿಲಿಗೆ ಒಂದು ನೋಟ್‌ಬುಕ್ ತೂಗುಹಾಕಿದ್ದೇನೆ. ಒಳಗೆ ಹೋಗುವ ಪ್ರತಿ ಡಬ್ಬಿಯ ಮೇಲೆ ತಾರೀಖು, ಹೊತ್ತು ಬರೆದ ಚೀಟಿ ಇರುತ್ತದೆ. ಪುಸ್ತಕದಲ್ಲಿ ಜಮಾ, ಖರ್ಚು ಎರಡೂ ಕಾಲಂ. ಹಳೆಯದು ಮೊದಲು ಖರ್ಚಾಗಬೇಕು. ಚೆಲ್ಲುವುದು ನನಗೆ ಈಗಲೂ ಇಷ್ಟವಿಲ್ಲ. ಅದಕ್ಕೆ ಬೆಳಿಗ್ಗೆಯೇ ಸೊಸೆಗೆ, “ಇವತ್ತು ಒಂದು ಪಾವು ಅಕ್ಕಿ ಕಡಿಮೆ ಹಾಕಮ್ಮ” ಎನ್ನುತ್ತೇನೆ. ಉಳಿದ ಮೇಲೆ ಉಳಿಸುವುದಕ್ಕಿಂತ ಉಳಿಯದ ಹಾಗೆ ಮಾಡುವುದೇ ಮೇಲು ಎಂದು ಈ ವಯಸ್ಸಿನಲ್ಲಿ ಕಲಿತೆ.

ಭಾನುವಾರ ಪುಟ್ಟ ಆಡಿಟ್ ಮಾಡುತ್ತಾನೆ. ಹೋದ ವಾರ ಹಿಂದಿನ ಸಾಲಿನಲ್ಲಿ ಚೀಟಿಯಿಲ್ಲದ ಒಂದು ಗೊಜ್ಜಿನ ಬಟ್ಟಲು ಸಿಕ್ಕಿತು. “ಯಾರದು ಇದು?” ಎಂದು ಗಂಭೀರವಾಗಿ ಕೇಳಿದ.

“ನನ್ನದೇ” ಎಂದೆ, ತಡ ಮಾಡದೆ.