ನಿಂತಲ್ಲಿಂದ ಮುಂದಕ್ಕೆ
2015ರ ಆಗಸ್ಟ್ 25ರಂದು ಅಹಮದಾಬಾದಿನ ಜಿಎಂಡಿಸಿ ಮೈದಾನದಲ್ಲಿ ಪಾಟೀದಾರ ಸಮುದಾಯದ ಬೃಹತ್ ಸಭೆ ನಡೆದ ಮೇಲೆ ಗಲಭೆ ಹಬ್ಬಿತು. ಸೂರತ್, ವಡೋದರಾದಲ್ಲೂ ಮೊಬೈಲ್ ಇಂಟರ್ನೆಟ್ ದಿನಗಟ್ಟಲೆ ಬಂದ್. ಅರ್ಧಕ್ಕೇ ನಿಂತ ಡೌನ್‌ಲೋಡುಗಳು ಅದೆಷ್ಟೋ! ಡೌನ್‌ಲೋಡ್ ಮ್ಯಾನೇಜರ್ ಬೆಲೆ ಗೊತ್ತಾಗೋದೇ ಇಂಥ ಹೊತ್ತಲ್ಲಿ.

ಅದು ಒಂದೇ ಫೈಲನ್ನು ತುಂಡು ತುಂಡಾಗಿ, ಹಲವು ಸಂಪರ್ಕಗಳಲ್ಲಿ ಒಟ್ಟೊಟ್ಟಿಗೆ ತರಿಸೋದ್ರಿಂದ ಎಷ್ಟೋ ಸಲ ವೇಗ ಹೆಚ್ಚುತ್ತೆ, ನಿಜ. ನನಗೆ ಅದಕ್ಕಿಂತ ದೊಡ್ಡದು ‘ರೆಸ್ಯೂಮ್’. ಡೌನ್‌ಲೋಡ್ ಶೇ 92ಕ್ಕೆ ನಿಂತಿದ್ದರೆ, ಮ್ಯಾನೇಜರ್ ಉಳಿದ ಶೇ 8 ಮಾತ್ರ ಕೊಡು ಅಂತ ಸರ್ವರನ್ನು ಕೇಳುತ್ತೆ. ಸರ್ವರ್‌ನಲ್ಲಿ ಆ ಸೌಲಭ್ಯ ಇರಬೇಕು, ಅಷ್ಟೆ.

ಸಣ್ಣ ಡೇಟಾ ಪ್ಯಾಕ್ ಹಾಕಿಸಿಕೊಂಡು ಪಾಠದ ವಿಡಿಯೊ ಇಳಿಸಿಕೊಳ್ಳೋ ಮಕ್ಕಳು ಅದೇ ಫೈಲಿಗೆ ಎರಡೆರಡು ಸಲ ದುಡ್ಡು ಸುರಿಯಬೇಕಿಲ್ಲ. ಇದಕ್ಕೆ ಆರಿಯಾ2 ಅಂತ ಉಚಿತ ತಂತ್ರಾಂಶವೇ ಇದೆ. ಅವರಿಗೆ ಇದನ್ನು ಇವತ್ತೇ ತೋರಿಸಿಕೊಡಿ.