ಘೋಷಣಾ ಪುಟದ ಸಹಿ

ಇಂಜಿನಿಯರಿಂಗ್ ಪದವಿಯ ಕೊನೆಯ ವರ್ಷವೆಂದರೆ ಏನೆಂಬುದು ನಮಗೆ ತಿಳಿದದ್ದು ನಮ್ಮ ಅಕ್ಕನ ಮಗನಿಂದ. ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತು, ಆಮೇಲೆ ಕನ್ನಡದಲ್ಲಿ ಬಿ.ಎ. ಓದಿದ ನಮಗೆ ಸೆಮಿಸ್ಟರ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಎಂಬ ಪದಗಳು ಪರಕೀಯವೇ. ಆದರೆ ಆ ಹುಡುಗ ಅಲಿಫ್, ಬಾ ಕಲಿತದ್ದು ನಮ್ಮ ಮುಂದೆ ಕುಳಿತು. ಅವನ ಕೊನೆಯ ವರ್ಷದಲ್ಲಿ ನಮಗೂ ಒಂದು ಪಾಲಿತ್ತು. ಆ ಪಾಲಿನಲ್ಲಿ ನಮ್ಮ ತಪ್ಪೂ ಇತ್ತು.

ಅವನ ತಂದೆ ಅಡಿಕೆ ಚೇಣಿ ಮಾಡುವವರು. ಮಳೆ ಹೆಚ್ಚಾದರೂ ದರ ಕುಸಿದರೂ ಮೊದಲು ನೋವು ತಟ್ಟುವುದು ಚೇಣಿದಾರನ ಮನೆಗೆ. ಅಂಥ ಮನೆಯಿಂದ ಹೋದ ಹುಡುಗ ಏಳನೆಯ ಸೆಮಿಸ್ಟರ್ ತಲುಪಿದಾಗ ಒಂದು ಕಡೆ ಕಂಪನಿಗಳ ಸಂದರ್ಶನ, ಇನ್ನೊಂದು ಕಡೆ ಹಿಂದೆ ಉಳಿಸಿಕೊಂಡಿದ್ದ ಎರಡು ವಿಷಯಗಳು, ಇವೆರಡರ ನಡುವೆ ಪ್ರಾಜೆಕ್ಟ್. ನಾಲ್ವರ ತಂಡ ಸೇರಿ ಏನಾದರೊಂದನ್ನು ತಯಾರಿಸಿ, ವರದಿ ಬರೆದು, ಎಂಟನೆಯ ಸೆಮಿಸ್ಟರಿನಲ್ಲಿ ಪರೀಕ್ಷಕರ ಮುಂದೆ ನಿಲ್ಲಬೇಕು.

ಒಂದು ಸಂಜೆ ಫೋನ್ ಬಂತು. "ಮಾಮೂ, ಪ್ರಾಜೆಕ್ಟ್‌ಗೆ ಎಂಟು ಸಾವಿರ ಬೇಕಿತ್ತು. ಅಬ್ಬಾಗೆ ಹೇಳಬೇಡಿ." ಇಶಾ ನಮಾಝಿಗೆ ಮೊದಲೇ ಕಳುಹಿಸಿದೆವು. ಯಾತಕ್ಕೆಂದು ಕೇಳಲಿಲ್ಲ. ವಿದ್ಯೆಗೆ ಕೊಟ್ಟ ಹಣವೆಂದು ಒಳಗೊಳಗೇ ಸಂತೋಷಪಟ್ಟೆವು.

ರಮಝಾನ್ ತಿಂಗಳಿನಲ್ಲಿ ಅವನು ಎರಡು ದಿನ ಊರಿಗೆ ಬಂದ. ಅಸರ್ ನಮಾಝಿನ ಬಳಿಕ ಇಬ್ಬರೂ ಹಾಗೆಯೇ ನಡೆಯುತ್ತ ಹೋದೆವು. ನಿಮ್ಮ ಯಂತ್ರ ಏನು ಮಾಡುತ್ತದೆ ಎಂದು ಕೇಳಿದಾಗ ಹುಡುಗ ತಡವರಿಸಿದ. ನಂತರ ಹೇಳಿದ: ಬೆಂಗಳೂರಿನ ಒಂದು ಅಂಗಡಿಯಲ್ಲಿ ಸಿದ್ಧವಾದದ್ದನ್ನೇ ಕೊಂಡಿದ್ದಾರೆ, ವರದಿಯೂ ಅವರದೇ. "ಎಲ್ಲರೂ ಹಾಗೇ ಮಾಡ್ತಾರೆ ಮಾಮೂ. ವೈವಾದಲ್ಲಿ ಕೇಳೋ ಪ್ರಶ್ನೆಗಳಿಗೆ ಉತ್ತರಾನೂ ಅವರೇ ಬರೆದುಕೊಡ್ತಾರೆ." ಮೊಬೈಲಿನಲ್ಲಿ ವರದಿಯನ್ನು ತೋರಿಸಿದ. ಮೊದಲ ಪುಟಗಳಲ್ಲಿ ಒಂದು ಘೋಷಣೆ ಇತ್ತು. ಇದು ನಾವೇ ಮಾಡಿದ ಕೆಲಸವೆಂದು ನಾಲ್ವರೂ ಸಹಿ ಹಾಕಬೇಕಾದ ಪುಟ ಅದು.

ಮಹಾಪಾಪಗಳನ್ನು ಎಣಿಸುತ್ತ ಒರಗಿ ಕುಳಿತಿದ್ದ ಪ್ರವಾದಿ(ಸ)ರವರು ಸುಳ್ಳು ಸಾಕ್ಷ್ಯದ ಮಾತು ಬಂದೊಡನೆ ನೆಟ್ಟಗೆ ಕುಳಿತುಕೊಂಡರೆಂದೂ, ಇನ್ನು ಸಾಕು ಮಾಡಬಾರದೇ ಎಂದು ಸಹಾಬಿಗಳಿಗೆ ಅನ್ನಿಸುವಷ್ಟು ಸಲ ಅದನ್ನೇ ಪುನರುಚ್ಚರಿಸಿದರೆಂದೂ ಅಬೂ ಬಕ್ರಃ(ರ)ರವರ ವರದಿಯಲ್ಲಿದೆ. ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ ಹದೀಸ್. ಸಾಕ್ಷಿ ಎಂದರೆ ಕೋರ್ಟಿನ ಕಟಕಟೆ ಎಂದೇ ವಿವರಿಸುತ್ತ ಬಂದಿದ್ದೆವು. ಕಾಲೇಜಿನ ವರದಿಯಲ್ಲೂ ಸಾಕ್ಷ್ಯವಿರುತ್ತದೆಂದು ನಮಗೆ ಹೊಳೆದದ್ದು ಆ ಸಂಜೆ. ಅದಕ್ಕೆ ಹಣ ಕೊಟ್ಟವರು ನಾವೇ ಆದ್ದರಿಂದ ಗದರಲು ನಾಲಗೆ ಏಳಲಿಲ್ಲ.

ಅಷ್ಟರಲ್ಲಿ ಅಮೃತೇಶ್ವರ ದೇವಾಲಯದ ಬಳಿ ಬಂದಿದ್ದೆವು. ವಿಶ್ವಾಸದ ಮಾತು ಬೇರೆ, ಕೈಕೆಲಸದ ಮಾತು ಬೇರೆ; ಈ ಊರಿನವರಿಗೆ ಆ ವ್ಯತ್ಯಾಸ ಗೊತ್ತು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು ಅದು. ಅಲ್ಲಿಯ ಶಾಸನ ಕವಿ ಜನ್ನನದೆಂದು ಬಿ.ಎ. ತರಗತಿಯಲ್ಲಿ ಕೇಳಿದ ದಿನ, ನಮ್ಮೂರಿನ ಕಲ್ಲು ಪಠ್ಯದೊಳಗೆ ಬಂದಿತಲ್ಲ ಎಂದು ಬೀಗಿದ್ದೆವು. ಮಂಟಪದ ಗುಮ್ಮಟದಂಥ ಒಳಮಾಳಿಗೆಗಳಲ್ಲಿ ರೂವಾರಿ ಮಲ್ಲಿತಮ್ಮ ತನ್ನ ವೃತ್ತಿಯ ಆರಂಭದ ಕೆಲಸ ಮಾಡಿದನೆಂದು ಹೇಳುತ್ತಾರೆ. ದಶಕಗಳ ಬಳಿಕ ಸೋಮನಾಥಪುರದ ಎಷ್ಟೋ ಶಿಲ್ಪಗಳ ಕೆಳಗೆ ಅವನ ಹೆಸರು ಕಾಣುತ್ತದೆ. ಈ ದೇವಾಲಯ ಎದ್ದ ಹತ್ತು ವರ್ಷಗಳಿಗೆ, 1206ರಲ್ಲಿ, ದೂರದ ದಿಯಾರ್‌ಬಕೀರಿನಲ್ಲಿ ಅಲ್ ಜಝರೀ ತಮ್ಮ ಯಂತ್ರಗಳ ಗ್ರಂಥವನ್ನು ಮುಗಿಸಿದರು. ನೀರೆತ್ತುವ ಯಂತ್ರಗಳು, ಗಡಿಯಾರಗಳು ಸೇರಿ ಐವತ್ತು ಸಾಧನಗಳ ವಿವರ ಅದರಲ್ಲಿದೆ. ತಾವೇ ಮಾಡಿ ನೋಡಿದ್ದನ್ನಷ್ಟೇ ಅವರು ಬರೆದರು. ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಜುಮುಅಃ ಭಾಷಣಗಳಲ್ಲಿ ಬಗ್ದಾದಿನ ವೈಭವವನ್ನು ಸಾರುವ ನಮ್ಮಂಥವರು ನಮ್ಮ ಮಕ್ಕಳು ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆಂದು ಒಮ್ಮೆಯೂ ಕೇಳುವುದಿಲ್ಲ. ಈ ಕೊನೆಯ ಮಾತನ್ನು ಅವನಿಗೆ ಹೇಳಲಿಲ್ಲ, ನಮಗೆ ನಾವೇ ಹೇಳಿಕೊಂಡೆವು.

ಇಫ್ತಾರಿನ ಹೊತ್ತಿಗೆ ಮನೆಗೆ ಮರಳಿದೆವು. ಮುಂದಿನದನ್ನು ಅವನೇ ನಿರ್ಧರಿಸಲಿ ಎಂದು ಬಿಟ್ಟೆವು.

ಕಾಲೇಜಿಗೆ ಹೋಗಿ ಜೊತೆಗಾರರಿಗೆ ಹೇಳಿದಾಗ ದೊಡ್ಡ ಜಗಳವೇ ಆಯಿತಂತೆ. ಉಳಿದಿರುವುದು ಎರಡು ತಿಂಗಳು, ನಿನ್ನೊಬ್ಬನ ಧರ್ಮಕ್ಕೆ ನಾವೇಕೆ ಫೇಲಾಗಬೇಕು ಎಂದು ಒಬ್ಬ ಕೇಳಿದನಂತೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಬೈದುಕೊಂಡೇ ಒಪ್ಪಿದರು. ಕೊಂಡು ತಂದದ್ದರಲ್ಲಿ ಮೋಟಾರ್ ಒಂದನ್ನು ಉಳಿಸಿಕೊಂಡು, ಮಾರ್ಗದರ್ಶಕರ ಅನುಮತಿ ಪಡೆದು, ಬೇರೆಯದನ್ನೇ ಮಾಡಲು ಹೊರಟರು. ಬೇಯಿಸಿದ ಅಡಿಕೆ ಕಣದಲ್ಲಿ ಐದಾರು ಬಿಸಿಲು ಕಾಣಬೇಕು. ನಡುವೆ ಮಳೆ ಬಿದ್ದರೆ ಬೂಸ್ಟು ಹಿಡಿದು ದರ ಹೋಗುತ್ತದೆ. ಹನಿ ಬಿದ್ದೊಡನೆ ಟಾರ್ಪಾಲು ತಾನಾಗಿ ಎಳೆದುಕೊಳ್ಳುವ ಯಂತ್ರ ಅವರದು. ಈ ಕಷ್ಟವನ್ನು ಅವನಿಗೆ ಯಾರೂ ಬರೆದುಕೊಡಬೇಕಾಗಿರಲಿಲ್ಲ.

ವೈವಾದ ದಿನ ಟಾರ್ಪಾಲು ಅರ್ಧಕ್ಕೆ ನಿಂತಿತು. ಏಕೆ ನಿಂತಿತೆಂದು ಪರೀಕ್ಷಕರು ಕೇಳಿದರಂತೆ. ಹಗ್ಗದ ಒಂದು ತುದಿ ಹೆಚ್ಚು ಭಾರ ಹೊರುವುದನ್ನೂ ರಾಟೆ ವಾಲುವುದನ್ನೂ ಕಾಲು ಗಂಟೆ ವಿವರಿಸಿದನಂತೆ. ಅಂಕ ಮಾತ್ರ ಕೊಂಡು ತಂದವರಿಗಿಂತ ಕಡಿಮೆಯೇ ಬಂತು. ಕ್ಯಾಂಪಸ್‌ನಲ್ಲಿ ಕೆಲಸವೂ ಆಗಲಿಲ್ಲ. ಮಸೀದಿಯಿಂದ ಹೊರಬರುವಾಗ "ಹಝರತ್, ಹುಡುಗನಿಗೆ ಏನಾಯ್ತು?" ಎಂದು ಕೇಳುವವರಿಗೆ ದುಆ ಮಾಡಿರೆಂದು ಹೇಳುತ್ತೇವೆ. ಆ ಎಂಟು ಸಾವಿರವನ್ನು ಐನೂರು ಐನೂರಾಗಿ ತೀರಿಸುತ್ತೇನೆಂದು ಅವನು ಹಟ ಹಿಡಿದಿದ್ದಾನೆ. ತೆಗೆದುಕೊಳ್ಳಲು ನಮಗೆ ಮನಸ್ಸಿಲ್ಲ, ಬೇಡವೆನ್ನಲು ಧೈರ್ಯವಿಲ್ಲ.

ಈಗ ಕೊಯ್ಲಿನ ಕಾಲ. ಯಂತ್ರ ಅಕ್ಕನ ಮನೆಯ ಕಣದಲ್ಲಿದೆ. ಅರ್ಜಿ ಹಾಕುವ ಕೆಲಸದ ನಡುವೆ ಅವನು ಅದರ ರಾಟೆಯನ್ನು ಎರಡು ಸಲ ಬದಲಿಸಿದ್ದಾನೆ. ಮೊನ್ನೆ ಝುಹರ್ ಮುಗಿಸಿ ಅತ್ತ ಹೋದಾಗ ಮೋಡ ಕವಿದು ಹನಿ ಬಿತ್ತು. ಮೋಟಾರ್ ತಿರುಗಿತು. ಟಾರ್ಪಾಲು ಕಣದ ಮುಕ್ಕಾಲು ಭಾಗದವರೆಗೆ ಸರಸರನೆ ಬಂದು ನಿಂತಿತು. ಅಕ್ಕ ನಗುತ್ತ ಓಡಿ ಬಂದು ಉಳಿದದ್ದನ್ನು ಕೈಯಿಂದ ಎಳೆದರು. ಹುಡುಗ ಮಳೆಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ರಾಟೆಯನ್ನು ನೋಡುತ್ತಿದ್ದ.