ಅವ್ವನ ಹೆಬ್ಬೆಟ್ಟು

ಪದ್ಯ ಬರೆಯುವ ನಾವು ಅವ್ವನ ಮೇಲೆ ಬೇಕಾದಷ್ಟು ಬರೆದಿದ್ದೇವೆ. ಅವಳ ಒಡೆದ ಹಿಮ್ಮಡಿ, ಕುಡುಗೋಲು, ಬೆವರು. ಪಹಣಿಯಲ್ಲಿ ಮಾತ್ರ ಅವಳ ಹೆಸರು ಬರೆಸಲಿಲ್ಲ.

ಅಪ್ಪನಿಗೆ ದರಖಾಸ್ತಿನಲ್ಲಿ ಸಿಕ್ಕಿದ್ದು ಎರಡೆಕರೆ, ಬರೀ ಕಲ್ಲು. ಆ ಕಲ್ಲು ಆಯ್ದು ಬದು ಹಾಕಿದವಳು ಅವ್ವ. ರಾಗಿಯ ಗಟ್ಟಿ ತೆನೆ ನೋಡಿ ಆರಿಸಿ, ಬಡಿದು, ಬೂದಿ ಬೆರೆಸಿ ಬಿತ್ತನೆಗೆ ಎತ್ತಿಡುವವಳೂ ಅವಳೇ. ಕೂರಿಗೆ ಹೊಡೆದ ಅಪ್ಪ ರೈತ. ಹಿಂದಿಂದೆ ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿಡುತ್ತಾ ನಡೆದ ಅವ್ವ ರೈತನ ಹೆಂಡ್ತಿ!

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಬರೆದವರು ನಾವೇ, ಮನೆಗೆ ಮೊದಲ ಬಿ.ಎ.ಗಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಗಂಡನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು ಕೊಟ್ಟಿದೆ. ಓದಿದ್ದೆವು. ಆದರೂ "ನಿಂಗ್ಯಾಕವ್ವ ಕಚೇರಿ ಅಲೆಯೋ ತಾಪತ್ರಯ" ಅಂತ ನಯವಾಗಿ ಹೇಳಿ, ಅಣ್ಣನೂ ನಾವೂ ಸೇರಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡೆವು. ತಂಗಿಯ ಸಹಿಗೆ ಒಂದು ಸೀರೆ ಸಾಕಾಯ್ತು. ಊರ ಗೌಡ ನಮ್ಮ ತಾತನ ಹೆಬ್ಬೆಟ್ಟು ಒತ್ತಿಸಿಕೊಂಡು ಜೀತಕ್ಕಿಟ್ಟುಕೊಂಡ ಕತೆಯನ್ನ ಸಭೆ ಸಭೆಯಲ್ಲೂ ಹೇಳುವ ನಾವು!

2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14. ಮಿಕ್ಕ ಹೆಸರುಗಳನ್ನ ನುಂಗಿದವರು ಯಾರು ಅಂತ ದೂರ ಹುಡುಕಬೇಕಾಗಿಲ್ಲ.

ಹೋದ ಮುಂಗಾರಿನಲ್ಲಿ ಅವ್ವ ಸಬ್ಸಿಡಿ ಬೀಜಕ್ಕೆ ಸಾಲಲ್ಲಿ ನಿಂತಳು. "ಪಹಣಿ ಯಾರ ಹೆಸ್ರಲ್ಲೈತಮ್ಮ? ಅವ್ರನ್ನೇ ಕಳ್ಸು" ಅಂದರಂತೆ. ನಾವು ಬೆಂಗಳೂರಲ್ಲಿ, ಕವಿಗೋಷ್ಠಿಯಲ್ಲಿ. ಸೊಸೈಟಿಯಲ್ಲೂ ಇದೇ ಹಾಡು. ಪಹಣಿ ಇಲ್ಲದವಳಿಗೆ ಬೆಳೆಸಾಲವಿಲ್ಲ. ಸಾಲದ ಲೆಕ್ಕವೇ ಇಲ್ಲದವಳನ್ನ ಡೈರೆಕ್ಟರ್ ಚುನಾವಣೆಗೆ ನಿಲ್ಲು ಅಂತ ಯಾರು ಕರೀತಾರೆ? ಪಂಚಾಯ್ತಿಯಲ್ಲೇನೋ 2010ರಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತಾಯ್ತು. ನಮ್ಮ ಚಿಕ್ಕವ್ವ ನಿಂತು ಗೆದ್ದಳು ಕೂಡ. ಸಭೆಗೆ ಹೋಗಿ ಕೂತದ್ದು ಚಿಕ್ಕಪ್ಪ. ಚಿಕ್ಕವ್ವ ಅವತ್ತು ಕಳೆ ಕೀಳೋಕೆ ಹೋಗಿದ್ದಳು.

ಬೀಜವಿಲ್ಲದೆ ಬರಿಗೈಲಿ ಬಂದ ಅವ್ವ ನಮಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ಆ ಹೊಲ ನಂದಲ್ವೇನ್ರಪ್ಪಾ?"

ಅವಳ ಹೆಸರು ಸೇರಿಸಿ ಅಂತ ನಾಡಕಚೇರಿಗೆ ಹೋದೆವು. ಗುಮಾಸ್ತ ಹಳೇ ಕಡತ ಬಿಚ್ಚಿ, "ಬೇಡ ಅಂತ ಅವ್ರೇ ಬರ್ಕೊಟ್ಟವ್ರಲ್ಲ ಸ್ವಾಮಿ" ಅಂತ ಕಾಗದ ತಿರುಗಿಸಿ ಹಿಡಿದ. ಅವ್ವನ ಹೆಬ್ಬೆಟ್ಟಿನ ಮಸಿ ಇನ್ನೂ ಕಪ್ಪಗಿತ್ತು. ಅದರ ಕೆಳಗೆ ಬಿಕ್ಕಲಂ ಅಂತ ಇದ್ದದ್ದು ನಮ್ಮದೇ ಸಹಿ, ದುಂಡಗಿನ ಅಕ್ಷರ.